ಕೆರೆಯ ನಡುವಿನ ದಿಬ್ಬ: ಬೋಕಿಗಿಂತ ಮೊದಲು ನೀರಿನ ವಯಸ್ಸು ಕೇಳಿ

ಪ್ರಶ್ನೆ: ನಾನು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕ. ನಮ್ಮೂರ ಕೆರೆಯ ನಡುವೆ ಅರ್ಧ ಎಕರೆಯಷ್ಟು ಸಣ್ಣ ನಡುಗಡ್ಡೆ ಇದೆ. ಮಳೆಗಾಲದಲ್ಲಿ ಸುತ್ತಲೂ ನೀರು, ಬೇಸಿಗೆಯಲ್ಲಿ ನಡೆದೇ ಹೋಗಬಹುದು. ಈ ಸಲ ನೀರು ಪೂರ್ತಿ ಇಳಿದಾಗ ಅದರ ಅಂಚಿನಲ್ಲಿ ಕಪ್ಪು, ಕೆಂಪು ಬೋಕಿಗಳು (ಒಡೆದ ಮಡಕೆಯ ಚೂರುಗಳು), ದನದ ಎಲುಬು, ಬೂದಿಯಂಥ ಮಣ್ಣು ಕಾಣಿಸಿದವು. ಅಲ್ಲೇ ಸಿಕ್ಕ ಕೊಡಲಿಯಾಕಾರದ ನುಣುಪು ಕರಿಕಲ್ಲೊಂದನ್ನು ಹಿರಿಯರು ಹನುಮಪ್ಪನ ಗುಡಿಯಲ್ಲಿಟ್ಟಿದ್ದಾರೆ. ಊರು ಮುಳುಗಿದ ಜಾಗ ಎಂದು ಕೆಲವರು, ರಾಕ್ಷಸನನ್ನು ಸುಟ್ಟ ಬೂದಿ ಎಂದು ಕೆಲವರು ಹೇಳುತ್ತಾರೆ. ಪ್ರಾಚೀನರು ಶತ್ರುಗಳಿಂದ ಪಾರಾಗಲು ಕೆರೆಯ ನಡುವೆ ಮನೆ ಕಟ್ಟಿಕೊಂಡಿದ್ದರೇ? ಯುರೋಪಿನಲ್ಲಿ ಹಾಗೆ ಇತ್ತೆಂದು ಓದಿದ್ದೇನೆ. ಸದ್ಯದಲ್ಲೇ ಹೂಳೆತ್ತುವ ಕೆಲಸ ಶುರುವಾಗಲಿದೆ. ಅದನ್ನು ತಡೆಯಬೇಕೇ?

ಉತ್ತರ: ನೀವು ಬರೆದದ್ದನ್ನು ನೋಡಿದರೆ ಆ ದಿಬ್ಬದ ಮೇಲೆ ಹಿಂದೆ ಜನವಸತಿ ಇದ್ದ ಸಾಧ್ಯತೆ ಬಲವಾಗಿಯೇ ಇದೆ. ಆದರೆ ಅವರು ನಡುಗಡ್ಡೆಯಲ್ಲಿ ಇದ್ದವರಲ್ಲ. ಅವರು ಅಲ್ಲಿ ಒಲೆ ಹೂಡಿದ ಕಾಲಕ್ಕೆ ಆ ಕೆರೆಯೇ ಇರಲಿಲ್ಲ. ಜನ ನೀರಿನ ನಡುವೆ ಹೋಗಿ ಕುಳಿತದ್ದಲ್ಲ, ಜನ ಬಿಟ್ಟುಹೋದ ಎಷ್ಟೋ ಕಾಲದ ಮೇಲೆ ನೀರು ಬಂದು ಆ ಜಾಗವನ್ನು ಸುತ್ತುವರಿದದ್ದು. ಈ ವ್ಯತ್ಯಾಸ ಸಣ್ಣದಾಗಿ ಕಾಣಬಹುದು. ಆದರೆ ಆ ದಿಬ್ಬದಲ್ಲಿ ಏನನ್ನು ಹುಡುಕಬೇಕು, ಏನನ್ನು ಉಳಿಸಬೇಕು, ಹೂಳೆತ್ತುವ ಯಂತ್ರ ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಇದರ ಮೇಲೆಯೇ ನಿಂತಿದೆ.

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ನೆಲದ ಸ್ವಭಾವವನ್ನೇ ಮೊದಲು ನೋಡಿ. ಇಲ್ಲಿ ತಾನಾಗಿ ಹುಟ್ಟಿದ ಸರೋವರಗಳು ಇಲ್ಲವೆಂದೇ ಹೇಳಬೇಕು. ಗುಡ್ಡಗಳ ನಡುವೆ ಹಳ್ಳ ಹರಿಯುವ ಇಕ್ಕಟ್ಟಾದ ಜಾಗ ನೋಡಿ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಒಳಮೈಗೆ ಕಲ್ಲು ಕಟ್ಟಿ, ತೂಬು ಇಟ್ಟು, ಹೆಚ್ಚಾದ ನೀರು ಹರಿಯಲು ಕೋಡಿ ಬಿಟ್ಟದ್ದರಿಂದ ಕೆರೆಗಳಾದವು. ಏರಿ ಎದ್ದ ಮೇಲೆ ಹಿಂದಿನ ಕಣಿವೆ ತುಂಬುತ್ತದೆ. ಕಣಿವೆಯೊಳಗೆ ಎತ್ತರದ ಒಂದು ಬಂಡೆಗುಂಪೋ ದಿಬ್ಬವೋ ಇದ್ದರೆ ಅದು ಒಂದೇ ಮಳೆಗಾಲದಲ್ಲಿ ನಡುಗಡ್ಡೆಯಾಗುತ್ತದೆ. ಹಾಗಾಗಿ ನಮ್ಮ ಕೆರೆಗಳ ನಡುಗಡ್ಡೆಗಳಿಗೆ ಎರಡು ವಯಸ್ಸು. ದಿಬ್ಬದ ವಯಸ್ಸು ಒಂದು, ಅದು ನಡುಗಡ್ಡೆಯಾದ ವಯಸ್ಸು ಇನ್ನೊಂದು. ನಿಮ್ಮೂರಿನಲ್ಲಿ ಇವೆರಡರ ನಡುವೆ ಎರಡು, ಮೂರು ಸಾವಿರ ವರ್ಷಗಳ ಅಂತರವಿದ್ದರೂ ನನಗೆ ಆಶ್ಚರ್ಯವಿಲ್ಲ.

ಯುರೋಪಿನ ಮಾತು ಎತ್ತಿದ್ದೀರಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅಲ್ಲಿನ ಕಥೆಯ ಅರ್ಧಭಾಗವಷ್ಟೇ ನಮ್ಮ ಪಠ್ಯಪುಸ್ತಕಗಳ ತನಕ ಬಂದಿದೆ. 1853–54ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಸರೋವರದ ನೀರು ಎಂದೂ ಇಳಿಯದಷ್ಟು ಇಳಿಯಿತು. ಓಬರ್‌ಮೈಲೆನ್ ಎಂಬ ಊರಿನ ದಡದಲ್ಲಿ ಸಾಲುಸಾಲಾಗಿ ನೆಟ್ಟ ಮರದ ಗೂಟಗಳು, ಕಲ್ಲಿನ ಕೊಡಲಿಗಳು, ಬೋಕಿಗಳು ಮೇಲೆದ್ದವು. ಅದನ್ನು ಗಮನಿಸಿ ಜೂರಿಕ್‌ನ ವಿದ್ವಾಂಸರಿಗೆ ತಿಳಿಸಿದವರು ಅದೇ ಊರಿನ ಶಾಲಾ ಮೇಷ್ಟ್ರು, ಯೋಹಾನೆಸ್ ಏಪ್ಲಿ. ನೀವೂ ಶಿಕ್ಷಕರಾದ್ದರಿಂದ ಈ ಹೆಸರು ನಿಮಗೆ ಗೊತ್ತಿರಲಿ. ಫರ್ಡಿನಾಂಡ್ ಕೆಲ್ಲರ್ ಎಂಬ ಪುರಾತತ್ವಜ್ಞರು ಅದನ್ನು ನೋಡಿ, ನೀರಿನ ಮೇಲೆ ಗೂಟ ನೆಟ್ಟು ಹಲಗೆ ಹಾಸಿ ಅದರ ಮೇಲೆ ಇಡೀ ಊರು ಕಟ್ಟಿದ್ದರು ಎಂದು ವಿವರಿಸಿದರು. ಚಿತ್ರ ಬಹಳ ಸುಂದರವಾಗಿತ್ತು. ಕ್ಯಾಲೆಂಡರುಗಳಲ್ಲಿ, ಶಾಲಾ ಗೋಡೆಗಳ ಮೇಲೆ ನೂರು ವರ್ಷ ಅದೇ ಚಿತ್ರ ಮೆರೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಪದರಪದರವಾಗಿ ಅಗೆದು ನೋಡಿದಾಗ ತಿಳಿದದ್ದು ಬೇರೆ. ಆ ಊರುಗಳಲ್ಲಿ ಹೆಚ್ಚಿನವು ಸರೋವರದ ದಡದ ಜವುಗು ನೆಲದಲ್ಲಿದ್ದವು. ಆಮೇಲೆ ನೀರು ಏರಿ ಅವುಗಳನ್ನು ಮುಚ್ಚಿತ್ತು. ಅಂದರೆ ಅಲ್ಲಿಯೂ ಜನ ಮೊದಲು, ನೀರು ಆಮೇಲೆ. ಆಲ್ಪ್ಸ್ ಸುತ್ತಲಿನ ಆರು ದೇಶಗಳ ಇಂಥ 111 ನೆಲೆಗಳು 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ನಿಜವಾಗಿಯೂ ನೀರಿನ ನಡುವೆಯೇ ನೆಲೆ ಮಾಡಿಕೊಂಡವರೂ ಇದ್ದರು. ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಸರೋವರಗಳಲ್ಲಿ ಕಲ್ಲು, ಮರದ ದಿಮ್ಮಿ, ಪೊದೆ ಸುರಿದು ಕೈಯಾರೆ ದ್ವೀಪ ಮಾಡಿಕೊಂಡ ನೂರಾರು ಜಾಗಗಳಿವೆ. ಅವಕ್ಕೆ ಅಲ್ಲಿ ಕ್ರಾನಾಗ್ ಎನ್ನುತ್ತಾರೆ. ಇವು ಹೆಚ್ಚೆಂದರೆ ಕಬ್ಬಿಣ ಯುಗದವು ಎಂದು ಬಹುಕಾಲ ನಂಬಿದ್ದರು. ಸ್ಕಾಟ್ಲೆಂಡಿನ ಲೂಯಿಸ್ ಎಂಬ ಉತ್ತರದ ದ್ವೀಪದ ಸಣ್ಣ ಸಣ್ಣ ಸರೋವರಗಳ ತಳದಲ್ಲಿ ಮುಳುಗುಗಾರರಿಗೆ ಹೆಚ್ಚುಕಡಿಮೆ ಇಡಿಯಾಗಿಯೇ ಉಳಿದ ಗಡಿಗೆಗಳು ಸಿಕ್ಕವು. ಅವುಗಳ ಕಾಲ ಕ್ರಿ.ಪೂ. 3600ರ ಆಸುಪಾಸು ಎಂದು 2019ರಲ್ಲಿ ಪ್ರಕಟವಾಯಿತು. ಒಂದೇ ಸಲಕ್ಕೆ ಎರಡೂವರೆ ಸಾವಿರ ವರ್ಷ ಹಿಂದೆ ಸರಿದಂತಾಯಿತು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಆ ಸರೋವರಗಳು ಹಿಮಯುಗದ ಹಿಮನದಿಗಳು ಕೊರೆದು ಬಿಟ್ಟುಹೋದ ತಗ್ಗುಗಳು. ಮನುಷ್ಯ ಬರುವ ಮೊದಲೇ ಅಲ್ಲಿ ನೀರಿತ್ತು. ಅದಕ್ಕೇ ಅಲ್ಲಿ ದ್ವೀಪವಾಸ ಸಾಧ್ಯವಾಯಿತು. ನಮ್ಮ ಕೆರೆಗಳಿಗೆ ಆ ಮಾತು ಒಪ್ಪುವುದಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಂದೂ ಬತ್ತದ ತಣ್ಣನೆಯ ನೀರಿನ ತಳದಲ್ಲಿ ಗಾಳಿ ಆಡುವುದಿಲ್ಲ, ಕೊಳೆಸುವ ಜೀವಿಗಳೂ ಕಡಿಮೆ. ಆದ್ದರಿಂದ ಅಲ್ಲಿ ಮರ, ನಾರಿನ ಬಟ್ಟೆ, ಒಣಗಿಸಿದ ಸೇಬು ಕೂಡ ಉಳಿದಿವೆ. ಸ್ಕಾಟ್ಲೆಂಡಿನ ಟೇ ಸರೋವರದ ಒಂದು ಕ್ರಾನಾಗಿನಲ್ಲಿ ಎರಡೂವರೆ ಸಾವಿರ ವರ್ಷ ಹಳೆಯ ಮರದ ಬಟ್ಟಲು ಒಳಗಿನ ಬೆಣ್ಣೆಯ ಜಿಡ್ಡಿನ ಸಮೇತ ಸಿಕ್ಕಿದೆ. ನಮ್ಮ ಕೆರೆ ಏಪ್ರಿಲ್‌ನಲ್ಲಿ ಬಿರುಕು ಬಿಡುತ್ತದೆ, ಸೆಪ್ಟೆಂಬರಿನಲ್ಲಿ ತುಂಬುತ್ತದೆ. ವರ್ಷವರ್ಷವೂ ನೆನೆದು ಒಣಗುವ ನೆಲದಲ್ಲಿ ಮರವಾಗಲಿ ಬಟ್ಟೆಯಾಗಲಿ ಉಳಿಯುವುದಿಲ್ಲ. ಉಳಿಯುವುದು ಕಲ್ಲು, ಬೋಕಿ, ಎಲುಬು ಮತ್ತು ಸುಟ್ಟು ಕರಿಕಾಗಿದ್ದ ಕಾಳು. ನಿಮಗೆ ಸಿಕ್ಕ ಪಟ್ಟಿಯೂ ಇದೇ ಅಲ್ಲವೇ?

ಈಗ ನಿಮ್ಮ ಊರಿನ ಸುತ್ತಮುತ್ತಲಿಗೆ ಬರೋಣ. ಲಿಂಗಸುಗೂರು ತಾಲೂಕಿನಲ್ಲೇ, ಮುದಗಲ್ಲಿಗೆ ಹತ್ತಿರ, ಪಿಕ್ಲಿಹಾಳ ಇದೆ. 1950ರ ದಶಕದ ಆರಂಭದಲ್ಲಿ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ ಅಲ್ಲಿ ಅಗೆದು ನವಶಿಲಾಯುಗದ, ಅಂದರೆ ಉಜ್ಜಿ ನುಣುಪು ಮಾಡಿದ ಕಲ್ಲಿನ ಆಯುಧಗಳ ಕಾಲದ, ದನಗಾಹಿಗಳ ನೆಲೆಯನ್ನು ತೋರಿಸಿದರು. ಮಸ್ಕಿಯನ್ನು ನಾವು ಅಶೋಕನ ಹೆಸರಿರುವ ಶಾಸನದಿಂದಾಗಿ ನೆನೆಯುತ್ತೇವೆ. 1915ರಲ್ಲಿ ಅದನ್ನು ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಆದರೆ ಅದೇ ಮಸ್ಕಿಯಲ್ಲಿ 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಶಿಲಾ-ತಾಮ್ರಯುಗದಿಂದ ಹಿಡಿದು ಬೃಹತ್ ಶಿಲಾಯುಗ (ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಕಬ್ಬಿಣದ ಕಾಲ), ಇತಿಹಾಸದ ಆರಂಭಕಾಲ, ಮಧ್ಯಯುಗದವರೆಗೆ ಒಂದರ ಮೇಲೊಂದು ವಸತಿಯ ಪದರಗಳು ಸಿಕ್ಕವು. ಆ ಕಡೆ ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆ, ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು ಕೂಡ ಇಂಥ ನೆಲೆಗಳೇ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಬೆಟ್ಟವನ್ನೇ ಸೀಳಿಕೊಂಡು ಹೋದ ಡಾಲರೈಟ್ ಎಂಬ ಗಟ್ಟಿ ಕರಿಶಿಲೆಯ ಗೋಡೆಯಿದೆ. ಅದನ್ನು ಒಡೆದು, ಕೆತ್ತಿ, ಬಂಡೆಗೆ ಉಜ್ಜಿ ಕೊಡಲಿ ಮಾಡುತ್ತಿದ್ದ ಕಾರ್ಖಾನೆಯೇ ಅಲ್ಲಿತ್ತು. ನಿಮ್ಮ ಹನುಮಪ್ಪನ ಗುಡಿ ಸೇರಿದ ಕರಿಕಲ್ಲು ಅದೇ ಜಾತಿಯ ಕೊಡಲಿ ಇರಬಹುದು. ಒಂದು ತುದಿ ಚೂಪಾಗಿ ಉಜ್ಜಿದ್ದು, ಇನ್ನೊಂದು ತುದಿ ಮೊಂಡಾಗಿ ಕೆತ್ತಿದ ಗುರುತು ಇರುವಂಥದ್ದೇ ಎಂದು ನೋಡಿ.

ದಕ್ಷಿಣದ ಈ ನವಶಿಲಾಯುಗ ಸುಮಾರು ಕ್ರಿ.ಪೂ. 3000ದಿಂದ 1200ರವರೆಗಿನದು. ಆ ಜನ ದನ, ಕುರಿ, ಮೇಕೆ ಸಾಕುತ್ತಿದ್ದರು. ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ ಬೆಳೆಯುತ್ತಿದ್ದರು. ಜೋಳವಿಲ್ಲದ ರಾಯಚೂರನ್ನು ಊಹಿಸಿಕೊಳ್ಳುವುದೇ ಕಷ್ಟ, ಆದರೆ ಜೋಳ ಆಫ್ರಿಕದಿಂದ ಬಂದ ಬೆಳೆ. ಈ ದನಗಾಹಿಗಳ ಮೂಲ ಆಹಾರದಲ್ಲಿ ಅದು ಇರಲಿಲ್ಲ. ಮನೆಗಳು ಬಿದಿರು, ತಡಿಕೆ, ಮಣ್ಣಿನವು. ಊರು ಕಟ್ಟಲು ಅವರು ಆರಿಸಿಕೊಳ್ಳುತ್ತಿದ್ದದ್ದು ಬಂಡೆಗುಡ್ಡದ ನೆತ್ತಿ, ಇಳಿಜಾರಿನ ಸಮತಟ್ಟು, ಹಳ್ಳದ ಮಗ್ಗುಲ ದಿಬ್ಬ. ಈಗ ಆಲೋಚಿಸಿ: ಮುಂದೆ ಯಾರೋ ಏರಿ ಹಾಕಲು ಆರಿಸಿಕೊಂಡದ್ದೂ ಅದೇ ಗುಡ್ಡ, ಅದೇ ಹಳ್ಳ. ಹಾಗಾಗಿ ಕೆರೆಯಂಗಳದಲ್ಲಿ ಹಳೆಯ ನೆಲೆ ಸಿಗುವುದು ವಿಚಿತ್ರವೇನಲ್ಲ. ಎರಡು ಕಾಲದವರಿಗೂ ನೀರು ಬೇಕಿತ್ತು. ಮೊದಲಿನವರು ನೀರಿನ ಪಕ್ಕ ಹೋದರು, ಆಮೇಲಿನವರು ನೀರನ್ನೇ ನಿಲ್ಲಿಸಿದರು.

ಬೂದಿಯ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ನಮ್ಮ ಸೀಮೆಯ ನವಶಿಲಾಯುಗಕ್ಕೆ ಜಗತ್ತಿನಲ್ಲಿ ಬೇರೆಲ್ಲೂ ಇಷ್ಟು ದೊಡ್ಡ ಪ್ರಮಾಣದಲ್ಲಿ ಕಾಣದ ಒಂದು ಗುರುತಿದೆ. ಅದು ಬೂದಿಗುಡ್ಡೆ. ಬಳ್ಳಾರಿ–ಹೊಸಪೇಟೆ ಹೆದ್ದಾರಿಯ ಕುಡತಿನಿ ಬಳಿಯದು ಪ್ರಸಿದ್ಧ. ಹಂಪಿ ಪಕ್ಕದ ನಿಂಬಾಪುರದ್ದನ್ನು ವಾಲಿಯನ್ನು ಸುಟ್ಟ ಚಿತೆ ಎಂದು ಇಂದಿಗೂ ತೋರಿಸುತ್ತಾರೆ. ನಿಮ್ಮೂರ ರಾಕ್ಷಸನೂ ಇದೇ ಬಳಗದವನಿರಬೇಕು. ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಇದನ್ನು ಕೆಲವರು ಜ್ವಾಲಾಮುಖಿ ಎಂದರು, ಕೆಲವರು ಕಬ್ಬಿಣದ ಕುಲುಮೆ ಎಂದರು, ಕೆಲವರು ಸಾಮೂಹಿಕ ಚಿತೆ ಎಂದರು. ಇದು ದನದ ಸಗಣಿ ಸುಟ್ಟ ಬೂದಿ ಎಂದು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬರು. ಆಲ್ಚಿನ್ 1957ರಲ್ಲಿ, ಕೃಷ್ಣೆಯ ಆಚೆ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಗೂಟ ನೆಟ್ಟ ದೊಡ್ಡಿಯ ಗುರುತು ಮತ್ತು ಬೂದಿಯ ಪದರದಲ್ಲಿ ದನದ ಗೊರಸಿನ ಅಚ್ಚು ಸಿಕ್ಕವು. ವಾದ ಅಲ್ಲಿಗೆ ಮುಗಿಯಿತು. ದೊಡ್ಡಿಯಲ್ಲಿ ರಾಶಿ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಡುತ್ತಿದ್ದರು. ಏಕೆ ಸುಟ್ಟರು ಎಂಬುದಕ್ಕೆ ಹಬ್ಬ, ಆಚರಣೆ, ಶುಚಿ ಎಂದು ನಾನಾ ವಿವರಣೆಗಳಿವೆ. ನನಗೆ ಆಚರಣೆಯ ಪಕ್ಷವೇ ಹೆಚ್ಚು ಒಪ್ಪಿಗೆ. ಗೊಬ್ಬರ ಬೇಕಾದವನು ಸಗಣಿಯನ್ನು ಹಲವಾಳು ಎತ್ತರಕ್ಕೆ ಒಟ್ಟಿ ಸುಡುವುದಿಲ್ಲ.

ಹಾಗೆಂದು ಬೂದುಬಣ್ಣದ ಮಣ್ಣೆಲ್ಲ ಬೂದಿಗುಡ್ಡೆಯಲ್ಲ. ಕುಂಬಾರರ ಆವಿಗೆ, ಸುಣ್ಣದ ಭಟ್ಟಿ, ಇಟ್ಟಿಗೆ ಗೂಡು ಇದ್ದ ಜಾಗವೂ ಹೀಗೇ ಕಾಣುತ್ತದೆ. ಉಪ್ಪಾರರು ಸವಳು ಮಣ್ಣನ್ನು ನೀರಿನಲ್ಲಿ ಸೋಸಿ ಉಪ್ಪು ತೆಗೆಯುತ್ತಿದ್ದ ದಿಬ್ಬಗಳೂ ನಮ್ಮ ಕಡೆ ಇವೆ. ಬೂದಿಗುಡ್ಡೆಯಾಗಿದ್ದರೆ ಅದರ ಅಂಚಿನಲ್ಲಿ ಪದರಪದರವಾದ ಬಿಳಿ-ಬೂದು ಪುಡಿಯ ಜೊತೆಗೆ ಗಾಜಿನಂತೆ ಕರಗಿ ಹೆಪ್ಪುಗಟ್ಟಿದ, ಗುಳ್ಳೆಗುಳ್ಳೆಯಾದ, ಕೈಗೆ ಹಗುರಾದ ಗಟ್ಟಿಗಳು ಸಿಗುತ್ತವೆ. ಕಬ್ಬಿಣ ಕರಗಿಸಿದ ಕಿಟ್ಟವಾದರೆ ಕಪ್ಪಗೆ, ಭಾರವಾಗಿ ಇರುತ್ತದೆ. ಇಷ್ಟು ವ್ಯತ್ಯಾಸವನ್ನು ನಿಮ್ಮ ಏಳನೆಯ ತರಗತಿಯ ಮಕ್ಕಳೂ ಗುರುತಿಸಬಲ್ಲರು.

ಆದರೆ ಇದೆಲ್ಲಕ್ಕೂ ಮೊದಲು ಒಂದು ಸರಳ ಸಂದೇಹವನ್ನು ಪರಿಹರಿಸಿಕೊಳ್ಳಬೇಕು. ಆ ನಡುಗಡ್ಡೆ ನಿಜಕ್ಕೂ ಹಳೆಯದೇ? ಹೂಳೆತ್ತುವಾಗ ಮಣ್ಣನ್ನು ಹೊರಗೆ ಸಾಗಿಸುವ ಖರ್ಚು ಉಳಿಸಲು, ಅಥವಾ ಹಕ್ಕಿಗಳು ಕೂರಲಿ ಎಂದು, ಕೆರೆಯ ನಡುವೆಯೇ ಗುಡ್ಡೆ ಹಾಕುವುದು ಈಚಿನ ರೂಢಿ. ಅಂಥ ಗುಡ್ಡೆಯ ಮೇಲೆ ಬಳ್ಳಾರಿ ಜಾಲಿ ನಾಲ್ಕೇ ವರ್ಷದಲ್ಲಿ ಕಾಡಾಗಿ ಬೆಳೆದು ನೂರು ವರ್ಷದ ಗಾಂಭೀರ್ಯ ತಂದುಕೊಡುತ್ತದೆ. ಜಾಲಿಯ ಮರ ನೋಡಿ ಮೋಸ ಹೋಗಬೇಡಿ. ಆ ಗಿಡವೇ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಕೆರೆಯ ತಳದಿಂದ ಎತ್ತಿ ಹಾಕಿದ ಮಣ್ಣಿನಲ್ಲಿಯೂ ಬೋಕಿ ಇರುತ್ತದೆ, ಏಕೆಂದರೆ ನೂರಾರು ವರ್ಷ ಊರ ಹೆಂಗಸರು ಆ ಕೆರೆಗೇ ಕೊಡ ತಂದಿದ್ದಾರೆ, ಒಡೆದಿದ್ದಾರೆ. ಮೊಬೈಲ್‌ನಲ್ಲಿಯೇ ಉಪಗ್ರಹದ ಹಳೆಯ ಚಿತ್ರಗಳನ್ನು ಹಿಂದಿನ ವರ್ಷಗಳಿಗೆ ಸರಿಸಿ ನೋಡಬಹುದು. ಇಪ್ಪತ್ತು ವರ್ಷದ ಹಿಂದಿನ ಚಿತ್ರದಲ್ಲಿ ದಿಬ್ಬ ಇಲ್ಲದಿದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು. ಇದ್ದರೆ ತಾಲೂಕು ಕಚೇರಿಯ ಗ್ರಾಮನಕ್ಷೆ ನೋಡಿ. ಹಳೆಯ ದಾಖಲೆಗಳಲ್ಲಿ ‘ಬೇಚರಾಕ್’ ಎಂದು ಬರೆದ, ಅಂದರೆ ಜನ ಬಿಟ್ಟುಹೋದ, ಗ್ರಾಮವೇನಾದರೂ ಕೆರೆಯ ಹತ್ತಿರ ಇದ್ದರೆ ‘ಊರು ಮುಳುಗಿತು’ ಎಂಬ ಹಿರಿಯರ ಮಾತಿಗೆ ಆಧಾರ ಸಿಗುತ್ತದೆ. ಆಗ ನಿಮ್ಮ ಬೋಕಿಗಳು ಸಾವಿರಾರು ವರ್ಷದವಲ್ಲ, ಕೆಲವೇ ಶತಮಾನದವು ಎಂದಾಗಬಹುದು. ಅದೂ ಕಡಿಮೆ ಬೆಲೆಯ ವಿಷಯವಲ್ಲ.

ದಿಬ್ಬ ಹಳೆಯದೇ ಎಂದು ಖಚಿತವಾದ ಮೇಲೆ ಮೊದಲು ಬೋಕಿಯನ್ನಲ್ಲ, ಬಂಡೆಯನ್ನು ನೋಡಿ. ಬೋಕಿ ನೀರಿನೊಂದಿಗೆ ಉರುಳಿ ಬರಬಹುದು, ಮಣ್ಣಿನೊಂದಿಗೆ ಗಾಡಿಯಲ್ಲಿ ಬರಬಹುದು. ನೆಲದಲ್ಲಿ ಬೇರೂರಿದ ಬಂಡೆ ಎಲ್ಲಿಂದಲೂ ಬರುವುದಿಲ್ಲ. ನಡುಗಡ್ಡೆಯ ಬಂಡೆಗಳ ಮೇಲೆ ದೋಣಿಯಾಕಾರದ ನುಣುಪು ಗೀರುಗಳಿದ್ದರೆ ಅಲ್ಲಿ ಕೊಡಲಿ ಉಜ್ಜಿದ್ದಾರೆ. ಅಗಲವಾದ ತಗ್ಗುಗಳಿದ್ದರೆ ಕಾಳು ಅರೆದಿದ್ದಾರೆ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋದರೆ ಇವು ಚೆನ್ನಾಗಿ ಕಾಣುತ್ತವೆ. ನಡುಮಧ್ಯಾಹ್ನ ಹೋದರೆ ಏನೂ ಕಾಣದೆ ವಾಪಸು ಬರುತ್ತೀರಿ.

ಬೋಕಿಗಳ ವಿಷಯದಲ್ಲಿ ಎಚ್ಚರ ಬೇಕಾದದ್ದು ಒಂದೇ. ಕೆರೆಯ ಅಲೆ ದಡವನ್ನು ಮೊರದಲ್ಲಿ ಕೇರಿದಂತೆ ಕೇರುತ್ತದೆ. ನುಣುಪು ಮಣ್ಣು ಹೋಗಿ, ಭಾರದ ಬೋಕಿ, ಕಲ್ಲು, ಎಲುಬು ಒಂದೇ ಹಾಸಿನ ಮೇಲೆ ಉಳಿಯುತ್ತವೆ. ಮೂರು ಅಡಿ ಆಳದಲ್ಲಿ ಬೇರೆಬೇರೆ ಪದರಗಳಲ್ಲಿದ್ದ, ಸಾವಿರ ವರ್ಷ ಅಂತರದ ವಸ್ತುಗಳು ಹೀಗೆ ಅಕ್ಕಪಕ್ಕ ಬಂದು ಕೂರುತ್ತವೆ. ಕೊಡಲಿಯ ಪಕ್ಕದಲ್ಲಿ ಕಪ್ಪು-ಕೆಂಪು ಬೋಕಿ ಸಿಕ್ಕಿತೆಂದು ಎರಡೂ ಒಂದೇ ಕಾಲದವು ಎನ್ನುವಂತಿಲ್ಲ. ಸಾಮಾನ್ಯವಾಗಿ ಕೈಯಲ್ಲಿ ತಟ್ಟಿ ಮಾಡಿದ, ದಪ್ಪ ಒಂದೇ ಸಮ ಇಲ್ಲದ, ಬೂದುಬಣ್ಣದ, ಬೆಣಚುಕಲ್ಲಿನಿಂದ ಉಜ್ಜಿ ಮಿರುಗು ತಂದ ಬೋಕಿ ನವಶಿಲಾಯುಗದ್ದು. ಒಳಗೆ ಮತ್ತು ಬಾಯಿಯ ಸುತ್ತ ಕಪ್ಪು, ಹೊರಗೆ ಕೆಳಭಾಗ ಕೆಂಪು ಇದ್ದರೆ ಅದು ಕಬ್ಬಿಣ ಯುಗದ ಕಡೆ ಕೈ ತೋರಿಸುತ್ತದೆ, ಅಂದರೆ ಕ್ರಿ.ಪೂ. 1200ರಿಂದ ಈಚೆಗೆ. ಕುಂಬಾರರ ತಿಗರಿಯ (ಚಕ್ರದ) ಗೆರೆಗಳು ಎದ್ದು ಕಾಣುವ ಒರಟು ಕೆಂಪು ಗಡಿಗೆ, ಗಾಜಿನ ಬಳೆಯ ಚೂರು ಸಿಕ್ಕರೆ ಮಧ್ಯಯುಗ. ಮಂಗಳೂರು ಹೆಂಚಿನ ಚೂರು ಸಿಕ್ಕರೆ 1865ರ ಈಚಿನದು, ಅದರಲ್ಲಿ ಅನುಮಾನವೇ ಬೇಡ. ನಿಮ್ಮ ಪತ್ರದ ‘ಕಪ್ಪು, ಕೆಂಪು ಬೋಕಿ’ ಎಂದರೆ ಒಂದೇ ಚೂರಿನಲ್ಲಿ ಎರಡು ಬಣ್ಣವೋ, ಕಪ್ಪು ಚೂರು ಬೇರೆ ಕೆಂಪು ಚೂರು ಬೇರೆಯೋ ಎಂಬುದನ್ನು ಮತ್ತೊಮ್ಮೆ ನೋಡಿ. ಮೊದಲನೆಯದಾದರೆ, ಕೊಡಲಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ನಿಮ್ಮ ದಿಬ್ಬದಲ್ಲಿ ಕನಿಷ್ಠ ಎರಡು ಕಾಲದ ವಸತಿ ಇದ್ದಿರಬೇಕು.

ಇನ್ನು ನೀರಿನ ವಯಸ್ಸು. ಏರಿಯ ಮೇಲೆ, ತೂಬಿನ ಕಲ್ಲುಕಂಬದ ಮೇಲೆ, ಕೋಡಿಯ ಬಳಿ, ಹತ್ತಿರದ ಗುಡಿಯಲ್ಲಿ ಅಕ್ಷರವಿರುವ ಕಲ್ಲು ಇದೆಯೇ ನೋಡಿ. ಕಲ್ಯಾಣ ಚಾಲುಕ್ಯರ ಕಾಲದಿಂದಲೂ ನಮ್ಮ ಕಡೆಯ ಶಾಸನಗಳಲ್ಲಿ ಕೆರೆಗೆ ಬಿಟ್ಟ ದತ್ತಿಗಳ ಉಲ್ಲೇಖ ಧಾರಾಳವಾಗಿದೆ. ವಿಜಯನಗರದ ಕಾಲಕ್ಕೆ ಕೆರೆ ಕಟ್ಟುವುದು ದೊಡ್ಡ ಭರದಿಂದ ನಡೆಯಿತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಒಂದು ಕೆರೆಯಲ್ಲಿ ಹದಿನೈದು, ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಶಾಸನವಿಲ್ಲದ ಕೆರೆಗೂ ಒಂದು ದಾರಿಯಿದೆ. ಏರಿಗೆ ಮಣ್ಣು ತೆಗೆದದ್ದು ಕೆರೆಯಂಗಳದಿಂದಲೇ, ಬಹುಶಃ ನಿಮ್ಮ ದಿಬ್ಬದ ಅಂಚಿನಿಂದಲೇ. ಹಾಗಾಗಿ ಏರಿಯ ಒಡಲಿನಲ್ಲಿಯೂ ಬೋಕಿ ಇರುತ್ತದೆ. ಏರಿ ಕುಸಿದ ಕಡೆ ಕಾಣುವ ಬೋಕಿಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ, ಏರಿ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆದರೆ ಕುಸಿದ ಏರಿಯನ್ನು ಕೆದಕಲು ಹೋಗಬೇಡಿ. ಪುರಾತತ್ವಕ್ಕಿಂತ ಕೆಳಗಿನ ಗದ್ದೆ ದೊಡ್ಡದು.

ನಮ್ಮ ಸೀಮೆಯಲ್ಲಿ ಇನ್ನೂ ಹಳೆಯ ನೀರೂ ಇದೆ, ಆದರೆ ಅದರ ಅಳತೆ ಬೇರೆ. ಗಂಗಾವತಿ ತಾಲೂಕಿನ ಹಿರೇಬೆಣಕಲ್ ಬೆಟ್ಟದಲ್ಲಿ, ಜನ ಮೋರ್ಯರ ಗುಡ್ಡ ಎನ್ನುವ ಜಾಗದಲ್ಲಿ, ಕಬ್ಬಿಣ ಯುಗದ ನೂರಾರು ಕಲ್ಮನೆಗಳ (ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಸಮಾಧಿಗಳ) ನಡುವೆ ನೀರು ನಿಲ್ಲುವ ಹೊಂಡವಿದೆ. ಕಲ್ಲುಚಪ್ಪಡಿ ಎಬ್ಬಿಸಿದ ತಗ್ಗಿನಲ್ಲಿ ಮಳೆನೀರು ನಿಲ್ಲುವಂತಾದ ಜಾಗ ಅದು. ಅಂಥ ಹೊಂಡದಲ್ಲಿ ನಡುಗಡ್ಡೆ ಹುಟ್ಟುವುದಿಲ್ಲ.

ನಡುಗಡ್ಡೆಯ ಬದುಕು ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ಮಾತ್ರ ತಿಳಿಯಬೇಡಿ. ಅದು ಕೆರೆಯಲ್ಲಿಲ್ಲ, ಹೊಳೆಯಲ್ಲಿದೆ. ರಾಯಚೂರು ತಾಲೂಕಿನಲ್ಲಿ ಕೃಷ್ಣೆಯ ನಡುವೆ ಕುರ್ವಕಲಾ, ಕುರ್ವಕುರ್ದಾದಂಥ ಊರುಗಳಲ್ಲಿ ಇಂದಿಗೂ ಜನರಿದ್ದಾರೆ. ಪ್ರವಾಹ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಅವುಗಳ ಹೆಸರು ಓದುತ್ತೀರಿ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುವೆ ನವವೃಂದಾವನ ಗಡ್ಡೆ ಇದೆ. ಅಲ್ಲಿ ನೀರು ಮೊದಲು, ಜನ ಆಮೇಲೆ. ಜನ ಗೊತ್ತಿದ್ದೇ ನೀರು ದಾಟಿ ಹೋದರು. ನಿಮ್ಮ ಪ್ರಶ್ನೆಯಲ್ಲಿದ್ದ ರಕ್ಷಣೆಯ ಊಹೆಯನ್ನು ಪರೀಕ್ಷಿಸಬೇಕಾದರೆ ಇಂಥ ಗಡ್ಡೆಗಳಲ್ಲಿ ಪರೀಕ್ಷಿಸಬೇಕು. ನವಶಿಲಾಯುಗದ ದನಗಾಹಿಯಂತೂ ತನ್ನ ಹಿಂಡನ್ನು ಅರ್ಧ ಎಕರೆಯ ದ್ವೀಪಕ್ಕೆ ಈಜಿಸಿಕೊಂಡು ಹೋಗಿರಲಾರ.

ಹೂಳೆತ್ತುವುದನ್ನು ತಡೆಯಬೇಕೇ ಎಂದು ಕೇಳಿದ್ದೀರಿ. ಬೇಡ. ಊರಿಗೆ ನೀರು ಬೇಕು, ಮತ್ತು ಇತಿಹಾಸದ ಹೆಸರಿನಲ್ಲಿ ಕೆರೆ ಕೆಲಸ ನಿಲ್ಲಿಸಿದರೆ ಊರಿನವರು ಆ ದಿಬ್ಬವನ್ನೇ ದ್ವೇಷಿಸುತ್ತಾರೆ. ಕೇಳಬೇಕಾದದ್ದು ಇಷ್ಟು: ದಿಬ್ಬ ಮತ್ತು ಅದರ ಬುಡದಿಂದ ಸುತ್ತಲೂ ಒಂದು ಮೂವತ್ತು ಮೀಟರ್ ಜಾಗವನ್ನು ಕಾಮಗಾರಿಯಿಂದ ಬಿಡಲಿ. ಉಳಿದ ಕಡೆ ಕೆರೆ ಕಟ್ಟಿದ ಮೇಲೆ ಕೂತ ನುಣುಪಾದ ಕಪ್ಪು ಹೂಳನ್ನು ಎಷ್ಟು ಬೇಕಾದರೂ ಎತ್ತಲಿ. ಆ ಹೂಳಿನ ಕೆಳಗೆ ಬಣ್ಣ ಬದಲಾಗಿ, ಗಟ್ಟಿಯಾಗಿ, ಬೋಕಿ ಮಿಶ್ರವಾದ ನೆಲ ಕಂಡರೆ ಯಂತ್ರದ ಬಕೆಟ್ ಅಲ್ಲಿ ನಿಲ್ಲಬೇಕು. ಕೆರೆಯ ಕಾಮಗಾರಿಗೂ ಇದರಿಂದ ನಷ್ಟವಿಲ್ಲ, ಹಳೆಯ ಗಟ್ಟಿ ತಳ ಕಿತ್ತರೆ ನೀರು ಇಂಗಿಹೋಗುವ ಅಪಾಯವೂ ಇರುತ್ತದೆ ಎಂದು ಗುತ್ತಿಗೆದಾರರಿಗೆ ವಿವರಿಸಿ. ಅವರಿಗೆ ಪುರಾತತ್ವಕ್ಕಿಂತ ಈ ಮಾತು ಬೇಗ ಅರ್ಥವಾಗುತ್ತದೆ.

ನಿಜವಾದ ಭಯ ಬೇರೆ ಎರಡು ಕಡೆಯಿಂದ. ಒಂದು, ಬೂದಿಮಣ್ಣು ಹೊಲಕ್ಕೆ ಒಳ್ಳೆಯದೆಂದು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುವುದು. ನಮ್ಮ ಬೂದಿಗುಡ್ಡೆಗಳಲ್ಲಿ ಹಲವು ಹೀಗೆಯೇ ಕರಗಿವೆ. ಎರಡು, ನಿಧಿ ಹುಡುಕುವವರು. ಈ ದಿಬ್ಬದ ಫೋಟೊವನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಹಾಕಿದರೆ ಮುಂದಿನ ಅಮಾವಾಸ್ಯೆಗೆ ನಿಂಬೆಹಣ್ಣು, ಕುಂಕುಮ, ಆಳೆತ್ತರದ ಗುಂಡಿ ನೋಡಬೇಕಾಗುತ್ತದೆ. ಆ ಕಾಲದವರ ಬಳಿ ಇದ್ದ ಸಂಪತ್ತು ದನ. ಅಲ್ಲಿ ಬಂಗಾರದ ಕೊಪ್ಪರಿಗೆ ಇಲ್ಲ ಎಂದು ಊರಿನಲ್ಲಿ ಗಟ್ಟಿಯಾಗಿ ಹೇಳುತ್ತಿರಿ.

ಗ್ರಾಮ ಪಂಚಾಯಿತಿಯ ಮೂಲಕ ತಹಶೀಲ್ದಾರರಿಗೂ, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ಒಂದು ಪತ್ರ ಬರೆಯಿರಿ. ಸರ್ವೆ ನಂಬರ್, ಹೂಳೆತ್ತುವ ದಿನಾಂಕ, ನಾಲ್ಕು ದಿಕ್ಕಿನಿಂದ ತೆಗೆದ ದಿಬ್ಬದ ಚಿತ್ರ ಇರಲಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಬೋಕಿಗಳ ಚಿತ್ರ ತೆ‌ಗೆಯಿರಿ, ಬೋಕಿಗಳನ್ನು ಆರಿಸಿ ಚೀಲಕ್ಕೆ ತುಂಬಬೇಡಿ. ಮಕ್ಕಳನ್ನು ಕರೆದುಕೊಂಡು ಹೋದರೆ ‘ನೋಡುವುದು, ಬರೆದುಕೊಳ್ಳುವುದು, ಬಿಡುವುದು’ ಎಂಬ ನಿಯಮ ಹಾಕಿ. ಅಗೆಯುವುದಂತೂ ಒಂದು ಅಡಿಯೂ ಬೇಡ. ಪದರ ಕದಡಿದ ಮೇಲೆ ಇಡೀ ಇಲಾಖೆ ಬಂದರೂ ಅದನ್ನು ಮರಳಿ ಜೋಡಿಸಲಾಗದು. ಬಳ್ಳಾರಿಗೆ ಹೋಗುವ ಕೆಲಸವಿದ್ದರೆ ಅಲ್ಲಿನ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ನೋಡಿಬನ್ನಿ. ಕೊಡಲಿ, ಬೋಕಿ, ಅರೆಯುವ ಕಲ್ಲು ಎಲ್ಲವನ್ನೂ ಕಣ್ಣಾರೆ ಕಂಡ ಮೇಲೆ ನಿಮ್ಮ ದಿಬ್ಬದ ಮೇಲೆ ನಡೆಯುವ ಬಗೆಯೇ ಬದಲಾಗುತ್ತದೆ.

ಗುಡಿಯಲ್ಲಿಟ್ಟ ಕೊಡಲಿಯನ್ನು ವಾಪಸು ಕೇಳಿ ಹಿರಿಯರೊಂದಿಗೆ ಜಗಳವಾಡಬೇಡಿ. ಇಲಾಖೆಯವರು ಬಂದು ನೋಡುವವರೆಗೆ ಅದು ಹನುಮಪ್ಪನ ಬಳಿಯೇ ಕ್ಷೇಮವಾಗಿರುತ್ತದೆ. ಅದು ಸಿಕ್ಕದ್ದು ಯಾರಿಗೆ, ದಿಬ್ಬದ ಯಾವ ಮಗ್ಗುಲಲ್ಲಿ, ನೀರಿನ ಗೆರೆಗಿಂತ ಮೇಲೋ ಕೆಳಗೋ ಎಂಬುದನ್ನು ಅವರು ನೆನಪಿಟ್ಟುಕೊಂಡಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಎಣ್ಣೆ, ಕುಂಕುಮ ಹಚ್ಚುವುದನ್ನು ಮಾತ್ರ ಸದ್ಯಕ್ಕೆ ನಿಲ್ಲಿಸಲು ಹೇಳಿ. ಅಂಚಿನ ಸವೆತವನ್ನು ನೋಡಿದರೆ ಆ ಕೊಡಲಿ ಮರ ಕಡಿಯಿತೋ, ನೆಲ ಕೆದರಿತೋ, ಚರ್ಮ ಹದ ಮಾಡಿತೋ ಎಂದು ಹೇಳಬಹುದು. ಎಣ್ಣೆಜಿಡ್ಡು ಕೂತರೆ ಆ ಗೀರುಗಳು ಸೂಕ್ಷ್ಮದರ್ಶಕದಡಿ ಸರಿಯಾಗಿ ಕಾಣುವುದಿಲ್ಲ.